ಅಣ್ಣನ ಕಟರ್, ಅತ್ತಿಗೆಯ ಮುಚ್ಚಳ

ನಮ್ಮ ಅತ್ತಿಗೆಗೆ ಮಾತು ಕಡಿಮೆ, ಹಠ ಹಿಡಿದರೆ ಮಾತ್ರ ಉಡದ ಪಟ್ಟು. ಅಣ್ಣ ತೀರಿಕೊಂಡ ಮೇಲೆ ಕಾರ್ಖಾನೆಯವರು ಅವನು ನಡೆಸುತ್ತಿದ್ದ, ಲೋಹ ಕೆತ್ತುವ ಮಿಲ್ಲಿಂಗ್ ಮಷೀನಿನ ಕೆಲಸವನ್ನು ಅವಳಿಗೇ ಕೊಟ್ಟರು. ಅಲ್ಲಿಯವರೆಗೆ ಅವಳು ಅದೇ ಶೆಡ್ಡಿನ ಮೂಲೆಯಲ್ಲಿ ಕೂತು ಲೋಹದ ಅಂಚು ಉಜ್ಜುತ್ತಿದ್ದಳು.

ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಸತ್ತ ಕೆಲಸಗಾರನ ಕಟರ್‌ಗಳನ್ನು ಅವನು ಕೈ ಒರೆಸುತ್ತಿದ್ದ ಬಟ್ಟೆಯಲ್ಲೇ ಕಟ್ಟಿ ಡ್ರಾದಲ್ಲಿ ಇಡುತ್ತಾರೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಅತ್ತಿಗೆ ಬಂದವಳೇ ಗಂಟು ಬಿಚ್ಚಿ, ಅಣ್ಣನ ನೆಚ್ಚಿನ ನಾಲ್ಕು ಹಲ್ಲಿನ ಕಟರನ್ನು ಮಷೀನಿಗೆ ಹಾಕಿದಳು. ಪಕ್ಕದ ಮಷೀನಿನ ಮೇಸ್ತ್ರಿ ಕೈ ಅಡ್ಡ ತಂದ.

"ಬೇಡಮ್ಮಾ. ಅದು ಅವನ ಕೈಯನ್ನೇ ಹುಡುಕುತ್ತೆ."

"ಹುಡುಕಲಿ ಬಿಡಿ," ಎಂದಳು ಅತ್ತಿಗೆ.

ಅವಳಿಗೆ ಸಿಕ್ಕ ಕೆಲಸ ಅಲ್ಯೂಮಿನಿಯಂನ ತೆಳು ಮುಚ್ಚಳಗಳದ್ದು. ಅವು ಮಟ್ಟಸವಾಗಿವೆಯೇ ಎಂದು ನೋಡುವ ಕೆಲಸ ನನ್ನದು. ನುಣುಪು ಕಲ್ಲಿನ ಮೇಲೆ ಇಟ್ಟು ಮೂಲೆಗಳನ್ನು ಒತ್ತುತ್ತೇನೆ, ಬಾಗಿದ್ದರೆ ಅಲುಗುತ್ತದೆ. ಅತ್ತಿಗೆ ತಂದ ಮೊದಲ ಮುಚ್ಚಳವನ್ನು ಒತ್ತಿದೆ. ಟಕ್, ಟಕ್.

ಅಣ್ಣ ಮನೆಯ ಬಾಗಿಲು ಬಡಿಯುತ್ತಿದ್ದದ್ದೇ ಹಾಗೆ. ಕರೆಗಂಟೆ ಇದ್ದರೂ ಮುಟ್ಟುತ್ತಿರಲಿಲ್ಲ.

ಅಳತೆಗೆ ಸಿಗದ್ದನ್ನು ನಂಬುವವಳಲ್ಲ ನಾನು. ಆದರೆ ಆಮೇಲೆ ಬಂದ ಮುಚ್ಚಳಗಳೆಲ್ಲ ಒಂದೇ ಮೂಲೆಯಲ್ಲಿ ಎದ್ದವು. ಮಷೀನಿನ ಹಿಡಿಕೆಯ ಹತ್ತಿರ, ಅಣ್ಣ ನಿಲ್ಲುತ್ತಿದ್ದ ಕಡೆಯ ಮೂಲೆ. ಮುಚ್ಚಳದ ತಗಡನ್ನು ಮಷೀನಿನಲ್ಲಿ ತಿರುಗಿಸಿ ಹಿಡಿಸಿ ನೋಡಿದೆವು. ಆಗಲೂ ಹಿಡಿಕೆಯ ಕಡೆಯದೇ ಎದ್ದಿತು.

ಸೂಪರ್‌ವೈಸರ್ ಒಂದನ್ನು ಬೆರಳಲ್ಲಿ ಅಲುಗಿಸಿದ. "ಇದೇನು ಮುಚ್ಚಳಾನೋ ತೊಟ್ಟಿಲೋ? ಶನಿವಾರದೊಳಗೆ ಸರಿಹೋಗದಿದ್ರೆ ಮಷೀನ್ ಬೇರೆಯವರಿಗೆ. ನೀವು ಮತ್ತೆ ಅಂಚು ಉಜ್ಜೋಕೆ ಹೋಗಿ."

ಮಷೀನ್ ಹೋದರೆ ಅಣ್ಣ ನಿಂತ ಜಾಗವೂ ಹೋಗುತ್ತದೆ. ಅತ್ತಿಗೆಗೆ ಅದೇ ಸಂಕಟ. ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ.

"ಅತ್ತಿಗೆ, ಆ ಕಟರ್ ಅಣ್ಣ ದಪ್ಪ ಕಬ್ಬಿಣಕ್ಕೆ ಅಂತ ಇಟ್ಕೊಂಡಿದ್ದು. ತೆಳು ತಗಡಿಗೆ ಅವನೇ ಹಾಕ್ತಿರ್ಲಿಲ್ಲ. ಹಲ್ಲು ಮೊಂಡಾಗಿದೆ, ಕತ್ತರಿಸೋ ಬದಲು ಉಜ್ಜುತ್ತೆ, ತಗಡು ಬಿಸಿಯಾಗುತ್ತೆ. ಕಟರಿನ ಹಲ್ಲಿನ ಸುರುಳಿ ತಿರುವು ಬೇರೆ ತಗಡನ್ನ ಮೇಲಕ್ಕೆ ಎಳೆಯುತ್ತೆ. ಬಿಗಿಯಾಗಿ ಹಿಡಿದಿರೋವಷ್ಟು ಹೊತ್ತು ತೆಪ್ಪಗಿರುತ್ತೆ, ಸಡಿಲ ಬಿಟ್ರೆ ಎದ್ದೇಳುತ್ತೆ."

"ಗೊತ್ತು ಕಣೆ," ಎಂದಳು. "ಆದ್ರೆ ಅದೊಂದೇ ಮೂಲೆ ಯಾಕೆ ಏಳುತ್ತೆ, ಹೇಳು."

ನಾನು ಎದ್ದು ಕೈ ತೊಳೆಯಲು ಹೋದೆ.

ಶನಿವಾರ ಅತ್ತಿಗೆ ಅಣ್ಣನ ಕಟರನ್ನು ಕಳಚಿ ಒರೆಸಿದಳು, ಅದೇ ಬಟ್ಟೆಯಲ್ಲಿ ಸುತ್ತಿದಳು. ಗಂಟು ಹಾಕಲು ತುಂಬ ಹೊತ್ತು ತೆಗೆದುಕೊಂಡಳು. ಆಮೇಲೆ ಚೂಪಾದ, ಎರಡೇ ಹಲ್ಲಿನ ಹೊಸ ಕಟರ್ ಹಾಕಿದಳು. ಈ ಮಗ್ಗುಲಿಂದ ಒಂದಿಷ್ಟು, ಆ ಮಗ್ಗುಲಿಂದ ಒಂದಿಷ್ಟು, ತೆಳ್ಳಗೆ ಕೆತ್ತುತ್ತ ಹೋದಳು. ಕೊನೆಯ ಸುತ್ತು ಕೆತ್ತುವ ಮೊದಲು ಹಿಡಿತ ಸಡಿಲಿಸಿ, ತಗಡು ತನ್ನಿಷ್ಟದಂತೆ ಬಾಗಿ ತಣ್ಣಗಾಗಲು ಬಿಟ್ಟಳು. ಮತ್ತೆ ಹಿಡಿಸುವಾಗ ಎಳೆಮಗುವಿನ ತೋಳು ಹಿಡಿದಷ್ಟೇ ಬಿಗಿ.

ಕಲ್ಲಿನ ಮೇಲಿಟ್ಟು ಒಂದೊಂದೇ ಮೂಲೆ ಒತ್ತಿದೆ. ಸದ್ದಿಲ್ಲ.

"ಪಾಸ್," ಎಂದೆ. ಸೂಪರ್‌ವೈಸರ್ "ಭೇಷ್" ಎಂದು ಹೋದ. ಅತ್ತಿಗೆ ಮಾತ್ರ ಹಿಡಿಕೆಯ ಕಡೆಯ ಆ ಮೂಲೆಯನ್ನು ತಾನೇ ಒತ್ತಿ ನೋಡಿದಳು. ಮತ್ತೆ ಒತ್ತಿದಳು, ಬೆರಳ ತುದಿ ಬೆಳ್ಳಗಾಗುವವರೆಗೆ. ಅಣ್ಣ ಹೋದ ದಿನವೂ ಅಳದವಳ ಕಣ್ಣು ತುಂಬಿ ಬಂತು.

ಸಂಜೆ ಇಬ್ಬರೂ ಮನೆಗೆ ಹೊರಟೆವು. ಶೆಡ್ಡಿನ ಸುದ್ದಿಯನ್ನು ಮನೆಯಲ್ಲಿ ಅಮ್ಮನಿಗೆ ನಾವು ಒಂದು ದಿನವೂ ಹೇಳಿರಲಿಲ್ಲ. ಹೆತ್ತ ಕರುಳಿಗೆ ಅದೆಲ್ಲ ಯಾಕೆ ಎಂದು. ಮನೆಗೆ ಬಂದರೆ ಅಮ್ಮ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ದೀಪ ಹಾಕಿರಲಿಲ್ಲ.

"ಇವತ್ತು ಅವನು ಬಾಗಿಲು ಬಡೀಲೇ ಇಲ್ಲ ಕಣ್ರೇ," ಎಂದಳು.

ಅತ್ತಿಗೆ ಕೈಚೀಲ ಕೆಳಗಿಟ್ಟಳು. "ಏನಂದ್ರಿ ಅತ್ತೆ?"

"ನೀನು ಮಷೀನಿಗೆ ಹೋದಾಗಿನಿಂದ ದಿನಾ ಬಡೀತಿದ್ದ. ಟಕ್ ಟಕ್ ಅಂತ. ನೀವು ಹೆದರ್ತೀರಿ ಅಂತ ನಾನು ಹೇಳಿರ್ಲಿಲ್ಲ. ಇವತ್ತು ಬೆಳಗ್ಗೆಯಿಂದ ಕಾಯ್ತಾನೇ ಇದ್ದೀನಿ."

ಅತ್ತಿಗೆ ಅವಳ ಕಾಲ ಬಳಿ ಕೂತು ಮಡಿಲಲ್ಲಿ ಮುಖ ಹುದುಗಿಸಿದಳು.

"ನಾನೇ ಕಳಿಸಿಬಿಟ್ಟೆ ಅತ್ತೆ," ಎಂದಳು.