ಮೀಟರಮ್ಮನ ಹಳೇಪೇಟೆ

ಹಳೇಪೇಟೆಯಲ್ಲಿ ನನ್ನ ದೊಡ್ಡಮ್ಮನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಮೀಟರಮ್ಮ. ಮೂವತ್ತೊಂದು ವರ್ಷ ಅಲ್ಲಿ ಮನೆಮನೆ ಹತ್ತಿಳಿದು ಕರೆಂಟ್ ಮೀಟರ್ ಓದಿ ಬರೆದುಕೊಂಡವರು. ಯಾವ ಬಾಗಿಲನ್ನು ತಳ್ಳಬೇಕು, ಯಾವುದನ್ನು ಎಳೆಯಬೇಕು, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚಿದ ಮೇಲೆ ಬೊಗಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ನಿವೃತ್ತಿಯಾದ ಮೇಲೆ ಮೂರು ತಿಂಗಳು ಮನೆಯಲ್ಲಿ ಕೂತರು. ಅವರ ಮಂಡಿ ಹಿಡಿದುಕೊಂಡಿತು, ದೊಡ್ಡಪ್ಪನ ತಲೆ ಕೆಟ್ಟಿತು. ಒಂದು ಬೆಳಗ್ಗೆ ದೊಡ್ಡಪ್ಪನೇ ಚಪ್ಪಲಿ ತಂದಿಟ್ಟು, ಎಲ್ಲಾದರೂ ಒಂದು ಸುತ್ತು ಹೋಗಿ ಬಾ ಎಂದು ಕೈಮುಗಿದರಂತೆ. ಕಾಲು ತಾನಾಗಿಯೇ ಹಳೇಪೇಟೆಗೆ ಎಳೆಯಿತು. ಅಲ್ಲಿ ಊರು ನೋಡಲು ಬಂದ ಗಂಡ ಹೆಂಡತಿ ನಕಾಶೆಯನ್ನು ತಲೆಕೆಳಗಾಗಿ ಹಿಡಿದು ಜಗಳವಾಡುತ್ತಿದ್ದರು. ದೊಡ್ಡಮ್ಮ ದಾರಿ ಹೇಳುವ ಬದಲು ಜೊತೆಗೇ ಹೊರಟರು. ಅದೇ ಅವರ ಎರಡನೇ ಉದ್ಯೋಗವಾಯಿತು. ಗೈಡುಗಳು ಕೋಟೆಯ ಇಸವಿ ಒಪ್ಪಿಸುತ್ತಿದ್ದರೆ, ಇವರು ಬಂದವರನ್ನು ಒಳಗಲ್ಲಿಗಳಿಗೆ ನುಗ್ಗಿಸಿ ಏದುಸಿರು ಬಿಡಿಸುತ್ತಿದ್ದರು.

ಒಂದು ದಿನ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಬಂದರು. ಆರನೇ ವಯಸ್ಸಿಗೆ ಊರು ಬಿಟ್ಟವರು. ಹುಟ್ಟಿದ ಮನೆ ನೋಡಬೇಕು, ಆದರೆ ವಿಳಾಸ ಗೊತ್ತಿಲ್ಲ. ನೆನಪಿದ್ದದ್ದು ಎರಡೇ: ಮಹಡಿಯ ಕಿಟಕಿಯಿಂದ ಗೋಪುರದ ಗಡಿಯಾರದ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು, ಮೆಟ್ಟಿಲುಗಳಲ್ಲಿ ಒಂದು ಉಳಿದವಕ್ಕಿಂತ ಎತ್ತರವಿತ್ತು. ಗೈಡುಗಳು ಆಗದ ಮಾತು ಎಂದು ಕೈಚೆಲ್ಲಿದ್ದರು.

ದೊಡ್ಡಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಗಡಿಯಾರದ ಮೇಲ್ಭಾಗ ಮರೆಯಾಗಬೇಕಾದರೆ ಕಿಟಕಿಯ ಮೇಲೆ ಸೂರು ಇಳಿಬಿದ್ದಿರಬೇಕು. ಗೋಪುರಕ್ಕೆ ಮುಖಮಾಡಿ, ಸೂರು ಅಷ್ಟು ಕೆಳಗಿಳಿದ ಮನೆಗಳು ಮೂರೇ. ಮೊದಲನೆಯದರ ಮೆಟ್ಟಿಲುಗಳೆಲ್ಲ ಒಂದೇ ಸಮ. ಎರಡನೆಯ ಮನೆಯವರು ಆಸ್ತಿಗೆ ಪಾಲು ಕೇಳಲು ಬಂದವರೆಂದುಕೊಂಡು ಅರ್ಧ ಬಾಗಿಲಲ್ಲೇ ನಿಲ್ಲಿಸಿದರು. ಮೀಟರಮ್ಮನ ಮುಖ ಕಂಡ ಮೇಲೆಯೇ ಒಳಗೆ ಬಿಟ್ಟದ್ದು. ಅದೂ ಅಲ್ಲ. ಮೂರನೆಯದರಲ್ಲಿ ಈಗ ಪುಸ್ತಕ ಬೈಂಡ್ ಮಾಡುವವರೊಬ್ಬರ ಕೆಲಸ ನಡೆಯುತ್ತಿತ್ತು. ಕತ್ತಲ ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ಅಭ್ಯಾಸಬಲದಿಂದ ಎಂದರು:

"ಹುಷಾರಕ್ಕ, ಐದನೇದು ಸ್ವಲ್ಪ ಎತ್ತರ."

ಹೇಳಿದ ಮೇಲೆಯೇ ಇಬ್ಬರಿಗೂ ಹೊಳೆದದ್ದು. ಆ ಹೆಂಗಸು ಅಲ್ಲೇ ಗೋಡೆ ಹಿಡಿದು ನಿಂತುಬಿಟ್ಟರು.

ಮಹಡಿಯ ಕಿಟಕಿಯನ್ನು ಕಾಗದದ ಕಟ್ಟುಗಳು ಮುಚ್ಚಿದ್ದವು. ಬೈಂಡರು ಗೊಣಗದೆ ಒಂದೊಂದೇ ಕಟ್ಟನ್ನು ಇಳಿಸಿ, ಅಂಟಿನ ಕೈ ಒರೆಸಿಕೊಂಡು ಕದ ತೆರೆದರು. ಸೂರಿನ ಕೆಳಗೆ ಗಡಿಯಾರದ ಅರ್ಧ ಮುಖ, ನಾಲ್ಕರಿಂದ ಎಂಟರವರೆಗೆ. ಆಕೆ ಅಳಲಿಲ್ಲ. ಬೈಂಡರು ಕೊಟ್ಟ ಸ್ಟೂಲಿನ ಮೇಲೆ ಕೂತು, ಅಮ್ಮನ ಹೊಲಿಗೆ ಯಂತ್ರ ಯಾವ ಮೂಲೆಯಲ್ಲಿತ್ತು, ತಮ್ಮ ಎಲ್ಲಿಂದ ಉರುಳಿ ಹಣೆ ಒಡೆದುಕೊಂಡ ಎಂದು ಸಂಜೆಯವರೆಗೂ ಹೇಳಿದರು. ಬೈಂಡರು ಆ ದಿನದ ಕೆಲಸವನ್ನು ಮರೆತೇಬಿಟ್ಟರು.

ಮನೆಗೆ ಬಂದ ದೊಡ್ಡಮ್ಮ ಊಟ ಬಡಿಸಿಕೊಂಡರೂ ತಟ್ಟೆಗೆ ಕೈ ಹಾಕದೆ, ಎದುರಿಗಿದ್ದ ನನಗೆ ಹೇಳಿದರು:

"ಮೂವತ್ತೊಂದು ವರ್ಷ ಆ ಮನೆಗೆ ಹೋಗಿದೀನಿ ಕಣೋ. ಅಲ್ಲೊಂದು ಕಿಟಕಿ ಇದೆ ಅಂತಾನೇ ನಂಗೆ ಗೊತ್ತಿರಲಿಲ್ಲ. ಬರೀ ಮೀಟರ್ ನೋಡ್ಕೊಂಡು ಬಂದೆ."

ಅಂದಿನಿಂದ ಅವರ ನಡಿಗೆಯೇ ಬದಲಾಯಿತು. ಈಗ ಬಂದವರನ್ನು ಏದುಸಿರು ಬರುವಂತೆ ಓಡಾಡಿಸುವುದಿಲ್ಲ. ಪರಿಚಯದ ಬಾಗಿಲು ತಟ್ಟಿ, ಒಳಗಿದ್ದವರಿಂದಲೇ ಮಾತಾಡಿಸುತ್ತಾರೆ. ಕಳೆದ ಭಾನುವಾರ ನಾನೂ ಹೋಗಿದ್ದೆ. ಬೀಗ ರಿಪೇರಿಯವರ ತಾಯಿ, ಹುಡುಗಿಯಾಗಿದ್ದಾಗ ಅಪ್ಪನ ಕಣ್ಣು ತಪ್ಪಿಸಿ ಅಟ್ಟದಲ್ಲಿ ಓದಲು ಕಲಿತದ್ದನ್ನು ಹೇಳುತ್ತಿದ್ದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದು ನಿಂತೆ. ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ ದೊಡ್ಡಮ್ಮ, ನನ್ನತ್ತ ತಿರುಗಿಯೂ ನೋಡದೆ, ನನ್ನ ಅಂಗಿಯ ಚುಂಗು ಹಿಡಿದು ಎಳೆದು ಮತ್ತೆ ಕೂರಿಸಿದರು.