ಕೊಂಡದ ನಡುವೆ ನಿಂತವಳು

ಕಳೆದ ವಾರ ಕಮ್ಮನಹಳ್ಳಿಯಲ್ಲಿ ಇಸ್ತ್ರಿ ಗಾಡಿಯ ಪಕ್ಕ ಅಂಗಿಗಾಗಿ ಕಾಯುತ್ತ ನಿಂತಿದ್ದೆ. ಇಸ್ತ್ರಿಯವನು ಪೆಟ್ಟಿಗೆಯೊಳಗಿನ ಇದ್ದಿಲು ಊದಿದ. ಬೂದಿ ಹಾರಿ, ಕೆಂಡದ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅಂಗಿ ನಾಳೆ ಒಯ್ಯುತ್ತೇನೆ ಎಂದು ಹೇಳಿ ಬಂದುಬಿಟ್ಟೆ.

ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದೆ ಕಲಬುರಗಿ ಕಡೆಯ ವಾಚ್‌ಮನ್ ಒಬ್ಬನಿದ್ದ. ನೆನಪಾದದ್ದು ಅವನ ಹೆಂಡತಿ. ಮೆಟ್ಟಿಲು ಗುಡಿಸಿ ಒರೆಸುತ್ತಿದ್ದಳು. ಇಬ್ಬರೂ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಇದ್ದರು. ಅದಕ್ಕೂ ಮುಂಚೆ ಮಾರತ್ತಹಳ್ಳಿಯ ಒಂದು ಕಟ್ಟಡ ಕಾಯುತ್ತಿದ್ದಾಗ ಅವರ ಮೂರು ವರ್ಷದ ಮಗಳು ನೀರಿನ ಸಂಪಿನೊಳಗೆ ಬಿದ್ದು ಸತ್ತಿದ್ದಳು. ಮುಚ್ಚಳ ತೆರೆದಿಟ್ಟವರು ಯಾರೋ... ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೆ ಮಾತ್ರ ಗೊತ್ತಿತ್ತು! ಕುಡಿದಾಗಲೆಲ್ಲ "ಕೂಸಿನ್ನ ತಿಂದಾಕಿ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದ. ನಾವೆಲ್ಲ ಟಿವಿ ಜೋರು ಮಾಡಿಕೊಳ್ಳುತ್ತಿದ್ದೆವು.

ಅವಳ ಬಳಿ ಇದಕ್ಕೊಂದು ಉತ್ತರವಿತ್ತು. ವರ್ಷಕ್ಕೊಮ್ಮೆ ಇಲ್ಲಿನ ಊರಮ್ಮನ ಹಬ್ಬದ ಬೆಳಿಗ್ಗೆ ಕೊಂಡ ಹಾಯುತ್ತಿದ್ದಳು. ಉದ್ದನೆಯ ಗುಂಡಿಯ ತುಂಬ ಹರಡಿದ ಕೆಂಡದ ಮೇಲೆ ಬರಿಗಾಲಲ್ಲಿ ದಾಟಿ, ನೇರ ಬಂದು ಗೇಟಿನ ಕಟ್ಟೆಯ ಮೇಲೆ ಕೂತು ಅಂಗಾಲು ತೋರಿಸುವಳು. "ನೋಡ್ರಿ ಸರ, ಒಂದ್ ಗುಳ್ಳಿ ಎದ್ದಿಲ್ಲ. ನಂದು ತಪ್ಪಿದ್ರ ತಾಯಿ ಬಿಡ್ತಿದ್ಲೇನ್ರಿ?" ಅದಾದ ಮೇಲೆ ಕೆಲವು ತಿಂಗಳು ಗಂಡನೂ ಬಾಯಿ ಮುಚ್ಚಿಕೊಂಡಿರುತ್ತಿದ್ದ. ದೇವಿಯೇ ಬಿಟ್ಟವಳನ್ನು ಅವನು ಹೇಗೆ ಹಿಡಿದಾನು?

ನಾನೋ, ಪಿಯು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಬಾಯಿಗೆ ಬೀಗವಿಲ್ಲದವನು. ಮೂಢನಂಬಿಕೆ ಎಂದರೆ ಮೈಯೆಲ್ಲ ಉರಿ. ಒಂದು ವರ್ಷ ಅವಳು ಹೀಗೆ ಕಾಲು ತೋರಿಸುತ್ತಿದ್ದಾಗ, ಗಂಡನೂ ಪಕ್ಕದಲ್ಲೇ ನಿಂತಿದ್ದಾಗ, ಪಾಠ ಶುರು ಮಾಡಿದೆ. ಕೆಂಡ ಎಷ್ಟೇ ಕೆಂಪಗಿದ್ದರೂ ಅದರ ಶಾಖ ಕಾಲಿಗೆ ದಾಟುವುದು ನಿಧಾನ. ಮೇಲೆ ಬೂದಿಯೂ ಇರುತ್ತದೆ. ಸರಸರ ನಡೆದರೆ ಪಾದ ತಾಗುವುದು ಒಂದು ಕ್ಷಣ. ಅದೇ ಕಾದ ಕಬ್ಬಿಣದ ತಗಡಾಗಿದ್ದರೆ ನಿಮ್ಮ ದೇವಿಯೂ ಕಾಪಾಡುತ್ತಿರಲಿಲ್ಲ ಎಂದು ನಕ್ಕೆ.

"ಅಂದ್ರ ಯಾರ್ ಹಾದ್ರೂ ಸುಡಂಗಿಲ್ಲೇನ್ರಿ ಸರ?" ಗಂಡ ಕೇಳಿದ.

"ಕೊಲೆ ಮಾಡಿದವ್ನು ಹಾದ್ರೂ ಸುಡಲ್ಲಪ್ಪ. ನಿಂತ್ರೆ ಮಾತ್ರ ಸುಡುತ್ತೆ," ಎಂದೆ.

ಅವನು ಹೆಂಡತಿಯ ಮುಖ ನೋಡಿ ಹಲ್ಲು ಕಿರಿದ. ಅವಳು ಸೀರೆಯ ಅಂಚಿನಿಂದ ಪಾದ ಮುಚ್ಚಿಕೊಂಡಳು. ಅದೂ ನನಗೆ ಕಂಡಿತು... ಕಂಡರೂ, ಏನೋ ಗೆದ್ದವನ ಹಾಗೆ ಮೇಲೆ ಹೋಗಿ ಹೋಳಿಗೆ ಊಟ ಮಾಡಿದೆ. ಅಂದಿನಿಂದ ಅವನ ಕೂಗಿಗೆ ತಡೆಯೇ ಇರಲಿಲ್ಲ. "ಸರೇ ಹೇಳ್ಯಾರ" ಎಂದು ನನ್ನನ್ನೂ ಸೇರಿಸಿಕೊಂಡು ಕೂಗುತ್ತಿದ್ದ.

ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಅವಳು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದಳು. "ಸರ, ಎಷ್ಟೊತ್ ನಿಂತ್ರ ಸುಡ್ತದ್ರಿ?" ಕಾಲೇಜಿಗೆ ಹೊತ್ತಾಗಿತ್ತು. "ಎರಡ್ ಮೂರು ಸೆಕೆಂಡ್ ಸಾಕಮ್ಮ," ಎಂದೆ. ಯಾಕೆ ಕೇಳಿದಳೆಂದು ಯೋಚಿಸಲಿಲ್ಲ. ಹೊಸ ವಿದ್ಯಾರ್ಥಿನಿ ಸಿಕ್ಕಳೆಂದು ಖುಷಿಯೇ ಆಯಿತು, ದರಿದ್ರದವನಿಗೆ.

ಅವಳು ಪಾಠವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ನಡೆದು ದಾಟಿದರೆ ಕೊಲೆಗಾರನೂ ಪಾರಾಗುತ್ತಾನೆ ಎಂದ ಮೇಲೆ, ನಿಂತು ತೋರಿಸಿದರೆ ತಾನೇ ಸಾಕ್ಷಿ? ಮರುದಿನ ಕೊಂಡದ ನಟ್ಟನಡುವೆ ಕೈಮುಗಿದು ನಿಂತುಬಿಟ್ಟಳು. ಇಬ್ಬರು ನುಗ್ಗಿ ಎಳೆದು ತರುವಷ್ಟರಲ್ಲಿ ಎರಡೂ ಅಂಗಾಲು ಬೆಂದುಹೋಗಿದ್ದವು. ಗಂಡ ಅಷ್ಟು ಜನರ ನಡುವೆ "ನೋಡ್ರಿ, ತಾಯಿ ಇವತ್ತ್ ತೋರಿಸ್ಯಾಳ" ಎಂದು ಒದರುತ್ತಿದ್ದನಂತೆ.

ಆಸ್ಪತ್ರೆಗೆ ಮೂಸಂಬಿ ಹಿಡಿದುಕೊಂಡು ಹೋದೆ. ಎಂಥ ಭಂಡ ನಾನು! ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನೀವ್ ಹೇಳಿದ್ದು ಚಲೋ ಆತ್ರಿ ಸರ," ಎಂದಳು. "ಇಷ್ಟ್ ವರ್ಷ ಓಡಿ ಓಡಿ ತಪ್ಪಿಸ್ಕೊಂಡಿದ್ದೆ."

ಯಾರು ನಿಂತರೂ ಸುಡುತ್ತದಮ್ಮ, ನಾನು ನಿಂತರೂ, ಪೂಜಾರಿ ನಿಂತರೂ... ಮಂಚದ ಪಕ್ಕ ಕೂತು ಶಾಖ, ಬೂದಿ ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿದೆ. ಗೋಗರೆದೆ. ಅವಳು ಗೋಡೆಯ ಕಡೆ ಹೊರಳಿದಳು. ಮೊದಲ ಸಲ ನನ್ನ ಮಾತನ್ನು ಪೂರ್ತಿ ನಂಬಿದ್ದವಳು ಈ ಸಲ ಒಂದಕ್ಷರವನ್ನೂ ನಂಬಲಿಲ್ಲ.

ಗಂಡ ಕೈಬಿಟ್ಟ. ಅವಳ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ಅಂದು ಬರೆದುಕೊಂಡ ಅವನ ನಂಬರು ಇಷ್ಟು ವರ್ಷ ನನ್ನ ಫೋನಿನಲ್ಲಿ ಸುಮ್ಮನೆ ಬಿದ್ದಿತ್ತು. ಅಂಗಿ ಬಿಟ್ಟು ಬಂದ ದಿನ ಧೈರ್ಯ ಮಾಡಿ ಒತ್ತಿದೆ.

"ಅಕ್ಕ ಆರಾಮ್ ಅದಾಳ್ರಿ. ನಡೀತಾಳ," ಎಂದ. ಹಿಂದೆ ಮಗುವೊಂದು ಕಿರುಚಿ ಅಳುತ್ತಿತ್ತು. "ನನ್ನ ಮಗಳ್ರಿ. ಅಕ್ಕ ಬಾಜೂಕೇ ಕುಂತಾಳ. ಕೂಸು ಎಷ್ಟ್ ಅತ್ರೂ ಎತ್ಕೊಳ್ಳಂಗಿಲ್ರಿ ಆಕಿ. ನಾ ಮುಟ್ಟಬಾರದು ಅಂತಾಳ."

ಅಕ್ಕನಿಗೆ ಕೊಡಲೇ ಎಂದು ಕೇಳಿದ. ಬೇಡ ಎಂದೆ. ಅವಳಿಗೆ ಹೇಳಲು ನನ್ನ ಬಳಿ ಅದೇ ಪಾಠ ಬಿಟ್ಟು ಬೇರೇನೂ ಇರಲಿಲ್ಲ. ಮಗು ಇನ್ನೂ ಅಳುತ್ತಲೇ ಇತ್ತು. ನಾನೇ ಫೋನ್ ಇಟ್ಟೆ.