ಚೇಚಿ ತಡೆದಿಟ್ಟ ಸ್ತೋತ್ರ

ಹೋದ ವಾರ ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ದಾಟಲು ನಿಂತಿದ್ದೆ. ಆಗಷ್ಟೇ ಕಿತ್ತ ಶುಂಠಿ ತುಂಬಿದ್ದ ಪಿಕಪ್ ಒಂದು ಪಕ್ಕದಲ್ಲೇ ಹಾದುಹೋಯಿತು. ಹಸಿಮಣ್ಣು ಮೆತ್ತಿದ ಶುಂಠಿಯ ಘಾಟು ಮೂಗಿಗೆ ಬಡಿದದ್ದೇ ತಡ, ಎಲ್ಲಿಗೆ ಹೊರಟಿದ್ದೆ ಎನ್ನುವುದೇ ಮರೆತುಹೋಯಿತು. ಚೇಚಿಯ ಹೆಗಲ ಮೇಲಿನ ಟವೆಲ್ಲಿಗೆ, ಕೈಬೆರಳಿಗೆ, ಅವರ ಬೈಬಲ್ಲಿನ ಹಾಳೆಗೂ ಇದೇ ವಾಸನೆ ಇರುತ್ತಿತ್ತು...

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಎನ್. ಬೇಗೂರಿನ ಕಡೆ, ಕಬಿನಿ ಹಿನ್ನೀರಿನ ದಂಡೆಗಿದೆ. ನಾನು ಪಿಯುಸಿ ಓದುತ್ತಿದ್ದಾಗ ವಯನಾಡಿನಿಂದ ಗಂಡಹೆಂಡತಿ ಇಬ್ಬರು ಬಂದು ನಮ್ಮ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದರು. ನಮ್ಮ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲೇ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ಆಕೆಯನ್ನು ನಾವು ಚೇಚಿ ಅನ್ನುತ್ತಿದ್ದೆವು, ಅಂದರೆ ಅವರ ಭಾಷೆಯಲ್ಲಿ ಅಕ್ಕ. ಗಂಡನನ್ನು ಚೇಟ, ಅಂದರೆ ಅಣ್ಣ, ಅನ್ನುತ್ತಿದ್ದೆವು. ಚೇಚಿ ನನ್ನನ್ನು ಮೋಳೆ, ಅಂದರೆ ಮಗಳೇ, ಅನ್ನುತ್ತಿದ್ದರು. ಸಂಜೆಯಾದರೆ ಇಬ್ಬರೂ ಕೂತು ಪ್ರಾರ್ಥನೆಯ ಹಾಡು ಹಾಡಿ, ಕೊನೆಗೆ ದೇವರಿಗೆ ಕೃತಜ್ಞತೆಯಾಗಿ ಸ್ತೋತ್ರ ಅನ್ನುತ್ತಿದ್ದರು. ಗೋಡೆಯ ಈಚೆಗೆ ಮುದ್ದೆ ತೊಳಸುತ್ತಿದ್ದ ಅವ್ವನ ಕೈ, ಅವಳಿಗೇ ಗೊತ್ತಿಲ್ಲದಂತೆ, ಆ ರಾಗಕ್ಕೆ ತಿರುಗುತ್ತಿತ್ತು.

ನನ್ನ ಒಬ್ಬನೇ ಅಣ್ಣ ಚೇಟನ ಜೊತೆ ಹೊಲದ ಕೆಲಸ ನೋಡಿಕೊಳ್ಳುತ್ತಿದ್ದ. ಆ ಮಳೆಗಾಲದಲ್ಲಿ ಒಂದು ದಿನ ಆಚೆ ದಡದಲ್ಲಿ ಮುಂದಿನ ವರ್ಷಕ್ಕೆ ಹೊಲ ನೋಡಿ ಬರೋಣವೆಂದು ಇಬ್ಬರೂ ತೆಪ್ಪದಲ್ಲಿ ಹೋದರು. ವಾಪಸು ಬರುವಾಗ ಗಾಳಿ ಎದ್ದಿತು. ನಡುನೀರಿನಲ್ಲಿ ತೆಪ್ಪ ಮಗುಚಿತು. ಅಣ್ಣನಿಗೆ ಈಜು ಬರುತ್ತಿತ್ತು, ಚೇಟನಿಗೆ ಬರುತ್ತಿರಲಿಲ್ಲ.

ದಡದಲ್ಲಿ ಊರೇ ಸೇರಿತ್ತು. ಅವ್ವ ಮತ್ತು ಚೇಚಿ ಕೈಕೈ ಹಿಡಿದು ಕೆಸರಿನಲ್ಲಿ ನಿಂತಿದ್ದರು. ಅವ್ವ ಮಾದಪ್ಪನನ್ನು ಕೂಗುತ್ತಿದ್ದಳು. ಚೇಚಿಯ ತುಟಿ ಮಾತ್ರ ಅಲ್ಲಾಡುತ್ತಿತ್ತು. ಬಹಳ ಹೊತ್ತಾದ ಮೇಲೆ, ನೀರಲ್ಲಿ ನಿಂತ ಒಣಮರಗಳ ಸಂದಿನಿಂದ ಮೀನು ಹಿಡಿಯುವವರ ತೆಪ್ಪ ಬರುವುದು ಕಂಡಿತು. ಅದರಲ್ಲಿ ಒದ್ದೆಯಾಗಿ ಮುದುಡಿ ಕೂತಿದ್ದವರು ಒಬ್ಬರೇ. ದೂರದಿಂದ ಯಾರೆಂದು ತಿಳಿಯುತ್ತಿರಲಿಲ್ಲ.

ಇಬ್ಬರು ಹೆಂಗಸರೂ ಒಂದೇ ಬೇಡಿಕೆ ಬೇಡುತ್ತಿದ್ದರು, ಒಬ್ಬರ ಕೈಯನ್ನು ಒಬ್ಬರು ಬಿಡದೆ.

ತೆಪ್ಪ ಹತ್ತಿರಾಯಿತು. ಅವ್ವನ ಕೈ ಸಡಿಲವಾಯಿತು. ಚೇಚಿ "ಸ್ತೋ..." ಎಂದು ಬಾಯಿ ತೆರೆದವರು, ಪಕ್ಕಕ್ಕೆ ತಿರುಗಿ ಅವ್ವನ ಮುಖ ನೋಡಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಗಂಡನ ಹತ್ತಿರ ಓಡಲಿಲ್ಲ. ಕುಸಿದ ಅವ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

ಮಾರನೆಯ ದಿನ ಅಣ್ಣನ ಹೆಣ ಸಿಕ್ಕಿತು. ಅವನೇ ಚೇಟನನ್ನು ಒಂದು ಒಣಮರಕ್ಕೆ ನೂಕಿ, ತಬ್ಬಿಕೊಂಡಿರಿ ಅಂದನಂತೆ. ಚೇಟ ತಿರುಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಏನೂ ಇರಲಿಲ್ಲವಂತೆ. ಅಷ್ಟು ಹೇಳಿ ಚೇಟ ಕೋಣೆ ಸೇರಿಕೊಂಡರು. ಅಪ್ಪ ಅವರ ಮುಖ ನೋಡಲಿಲ್ಲ. ಊರಿನವರು ಬಾಯಿಗೆ ಬಂದದ್ದು ಆಡಿದರು. ಅವ್ವ ಅನ್ನ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಗೋಡೆಯಾಚೆ ಹಾಡು ನಿಂತುಹೋಯಿತು. ಚೇಟ ಉಳಿದದ್ದಕ್ಕೆ ಕೃತಜ್ಞತೆಯ ಪ್ರಾರ್ಥನೆ ಮಾಡಿಸಬೇಕೆಂದು ಅವರ ಚರ್ಚಿನವರು ವಯನಾಡಿನಿಂದ ಬಂದರು. ಚೇಚಿ ಬಾಗಿಲಲ್ಲೇ ಕೈಮುಗಿದು ಅವರನ್ನು ವಾಪಸು ಕಳಿಸಿದರು. ಬಂದವರು ಬೇಸರ ಮಾಡಿಕೊಂಡು ಹೋದರು.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು ಸಿಟ್ಟಿನಿಂದ, ನಿಮ್ಮ ದೇವರಿಗೆ ನನ್ನ ಅಣ್ಣ ಕಾಣಲಿಲ್ಲವಾ ಎಂದು ಕೇಳಿದ್ದೆ. ಚೇಚಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟರು.

"ನಾನೂ ದಿನಾ ಅದನ್ನೇ ಕೇಳ್ತೀನಿ ಮೋಳೆ. ಅವನು ಹೇಳ್ತಿಲ್ಲ."

ಕೆಲವು ವಾರ ಕಳೆದು, ಒಂದು ಬೆಳಿಗ್ಗೆ ಚೇಚಿ ನಮ್ಮ ಅಡುಗೆಮನೆಗೆ ಬಂದರು. ಅವ್ವ ಆಗಷ್ಟೇ ಎದ್ದು ಓಡಾಡಲು ಶುರು ಮಾಡಿದ್ದಳು. ಚೇಚಿ ಒಳಗೆ ಬಂದು ನೆಲದ ಮೇಲೆ ಕೂತರು. ಇಳಿದುಹೋಗಿದ್ದರು.

"ಅಮ್ಮಾ, ನನ್ನ ಗಂಡನ್ನ ಉಳಿಸಿಕೊಟ್ಟ ದೇವ್ರಿಗೆ ನಾನು ಇನ್ನೂ ಸ್ತೋತ್ರ ಹೇಳಿಲ್ಲ. ಹೇಳದೆ ಇದ್ರೂ ತಪ್ಪು, ಹೇಳಿದ್ರೂ ತಪ್ಪು ಅನ್ನಿಸ್ತದೆ. ನಿಮ್ಮನ್ನ ಕೇಳದೆ ಬಾಯಿ ಬರ್ತಿಲ್ಲ."

ಅವ್ವ ಒಲೆಯ ಕಡೆಯೇ ನೋಡುತ್ತ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಎದ್ದು ಹೋಗು ಅನ್ನುತ್ತಾಳೆ ಅಂದುಕೊಂಡೆ. ಎಸರು ಕುದಿದು ಉಕ್ಕಿತು, ಅದನ್ನೂ ಇಳಿಸಲಿಲ್ಲ.

"ನಿನ್ ಗಂಡ ಬದ್ಕಿ ಬಂದವ್ರೆ. ಸ್ತೋತ್ರ ಏಳ್ಬೇಕು ಕಣವ್ವ, ಏಳ್ದೆ ಇರ್ಬಾರ್ದು" ಅಂದಳು. ಎಸರನ್ನು ಇಳಿಸುತ್ತ, "ನನ್ ಕಿವೀಗ್ ಬೀಳ್ದಂಗೆ ಏಳು" ಅಂದಳು.

ಅವತ್ತು ಹೊಲದ ಕಡೆ ಹೋದ ನನಗೆ ಚೇಚಿ ಕಂಡರು. ಶುಂಠಿಯ ಏರುಮಡಿಗಳ ನಡುವೆ ಮೊಣಕಾಲೂರಿ, ಹಣೆಯನ್ನು ಹಸಿಮಣ್ಣಿಗೆ ಒತ್ತಿದ್ದರು. ಬೆನ್ನು ಬಿಕ್ಕಿಬಿಕ್ಕಿ ಏಳುತ್ತಿತ್ತು. ಮಲಯಾಳದಲ್ಲಿ ಏನೇನೋ ಹೇಳುತ್ತಿದ್ದರು. ನನಗೆ ತಿಳಿದದ್ದು ಸ್ತೋತ್ರ ಎನ್ನುವ ಮಾತು ಮತ್ತು ಅಣ್ಣನ ಹೆಸರು. ಅವೆರಡೂ ಒಂದರ ಹಿಂದೆ ಒಂದು ಬರುತ್ತಿದ್ದವು. ದೇವರಿಗೆ ಕೃತಜ್ಞತೆ ಹೇಳುವವರು ಹಾಗೆ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸದ್ದಾಗದಂತೆ ಹಿಂದಿರುಗಿದೆ.

ಶುಂಠಿ ಕಿತ್ತ ಮೇಲೆ ಅವರು ಊರು ಬಿಟ್ಟರು. ಹೊರಡುವಾಗ ಚೇಚಿ ಅವ್ವನ ಕಾಲು ಮುಟ್ಟಿದರು. ಅವ್ವ ಏಳಿಸಿದಳು. ಆಮೇಲೆ ಯಾವಾಗಲಾದರೊಮ್ಮೆ ಫೋನು, ಆಮೇಲೆ ಅದೂ ಇಲ್ಲ...

ಹುಣಸೂರಿನ ಆ ಘಾಟು ಮೂಗಿನಲ್ಲಿದ್ದಾಗಲೇ ಹಳೆಯ ನಂಬರು ಹುಡುಕಿ ಫೋನು ಮಾಡಿದೆ. ಚೇಟ ಎತ್ತಿಕೊಂಡರು. ಚೇಚಿ ಕಾಯಿಲೆಯಲ್ಲಿ ತೀರಿಹೋಗಿ ವರ್ಷ ಕಳೆಯಿತಂತೆ. ನಮಗೆ ತಿಳಿಸಲು ಧೈರ್ಯ ಬರಲಿಲ್ಲವಂತೆ.

ಭಾನುವಾರ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆ ಮನುಷ್ಯನಿಗೆ ಫೋನು ಮಾಡಿಕೊಡು ಅಂದಳು. ಫೋನನ್ನು ಕಿವಿಗಿಟ್ಟುಕೊಂಡು, ಅವರಿದ್ದ ಕೋಣೆಗಳ ಕಡೆ ತಿರುಗಿ ನಿಂತಳು.

"ನೀವಾರ ಉಳ್ಕಂಡ್ರಲ್ಲ" ಅಂದಳು. "ಅಷ್ಟಾರ ಆಯ್ತಲ್ಲ."

ಫೋನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಆ ಮಾತನ್ನು ಕೇಳಲು ಚೇಚಿ ಇರಲಿಲ್ಲ.